ಮಳವಳ್ಳಿಯ ಯುದ್ಧ, ಲಂಡನ್ನಿನ ವಾದ

1791ರ ಮೇ 22ರಂದು ಕಾವೇರಿ ದಡದ ಕನ್ನಂಬಾಡಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ತನ್ನ ಫಿರಂಗಿಗಳನ್ನು ತಾನೇ ಒಡೆಸಿದ. ಶ್ರೀರಂಗಪಟ್ಟಣದ ಕೋಟೆ ಕೆಡವಲೆಂದು ಬೆಂಗಳೂರಿನಿಂದ ಎಳೆದು ತಂದಿದ್ದ ಭಾರೀ ಫಿರಂಗಿಗಳವು. ಅದಕ್ಕೆ ಒಂದು ವಾರ ಮೊದಲು, ಮೇ 15ರಂದು, ಅರಕೆರೆಯ ಆಚೆ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯವನ್ನು ಕೋಟೆಯ ಬುಡದವರೆಗೂ ಹಿಮ್ಮೆಟ್ಟಿಸಿದ್ದವನು ಇದೇ ಕಾರ್ನ್‌ವಾಲಿಸ್. ಕಾಳಗ ಗೆದ್ದವನು ಹೀಗೆ ಬರಿಗೈಲಿ ಹಿಂದಿರುಗಬೇಕಾಗಿ ಬಂದದ್ದು ಹಸಿವಿನಿಂದ.

ಬೆಂಗಳೂರಿನಿಂದ ಪಟ್ಟಣಕ್ಕೆ ನೇರ ದಾರಿ ಚನ್ನಪಟ್ಟಣ, ಮದ್ದೂರು, ಮಂಡ್ಯದ ಮೇಲೆ ಹೋಗುತ್ತಿತ್ತು. ಆ ದಾರಿಯ ಉದ್ದಕ್ಕೂ ಟಿಪ್ಪು ಹುಲ್ಲು ಸುಡಿಸಿದ್ದ, ದನಕರು ಹೊಡೆಸಿದ್ದ, ಊರು ಖಾಲಿ ಮಾಡಿಸಿದ್ದ. ಅದಕ್ಕೇ ಕಾರ್ನ್‌ವಾಲಿಸ್ ಕನಕಪುರದ ಕಡೆಯಿಂದ ಸುತ್ತಿ, ಮಳವಳ್ಳಿ ಸೀಮೆಯ ಮೂಲಕ ಅರಕೆರೆಗೆ ಬಂದ. ಅಲ್ಲಿಯೂ ಪಾಡು ಅದೇ. ಫಿರಂಗಿ ಎಳೆಯುವ ಎತ್ತುಗಳು ದಿನವೂ ಬೀಳತೊಡಗಿದವು. ಮುಂಗಾರು ಮುಂಚೆಯೇ ಹಿಡಿಯಿತು, ಹೊಳೆ ಏರಿತು. ಪಶ್ಚಿಮದಿಂದ ಕೊಡಗಿನ ಮೇಲೆ ಬಂದಿದ್ದ ಅಬರ್‌ಕ್ರೋಂಬಿಯ ದಂಡು ಬಂದು ಕೂಡಿಕೊಳ್ಳಲಾಗಲಿಲ್ಲ. ಪಾಳೆಯದಲ್ಲಿ ಸಿಡುಬು ಹರಡಿತು. ದಂಡಿನ ಹಿಂದೆ ಬಂದ ಕೂಲಿಯಾಳುಗಳು ಸತ್ತ ಎತ್ತಿನ ಮಾಂಸಕ್ಕೆ ಕೈ ಹಾಕುವ ಸ್ಥಿತಿ ಬಂತು.

ಮೇ 26ರಂದು ಸೈನ್ಯ ಹಿಂದಕ್ಕೆ ತಿರುಗಿತು. ಮೇಲುಕೋಟೆಯ ದಿಕ್ಕಿಗೆ ಸ್ವಲ್ಪ ದೂರ ಸಾಗುವಷ್ಟರಲ್ಲಿ ಎದುರಿಗೆ ಕುದುರೆ ಸವಾರರು ಕಂಡರು. ಶತ್ರುಗಳೆಂದು ಸಾಲು ಕಟ್ಟಿ ನಿಂತರು. ಬಂದವರು ಮಿತ್ರರು, ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವುವಿನ ಮರಾಠಾ ದಂಡು, ಸಂತೆಯಷ್ಟು ದವಸ ಹೇರಿಕೊಂಡು ಬಂದಿತ್ತು. ಅವರು ಹತ್ತಿರ ಬಂದಿದ್ದಾರೆಂಬ ಸುದ್ದಿಯೇ ಕಾರ್ನ್‌ವಾಲಿಸನಿಗೆ ತಲುಪಿರಲಿಲ್ಲ. ಓಲೆ ಹೊತ್ತವರನ್ನೆಲ್ಲ ಟಿಪ್ಪುವಿನ ಸವಾರರು ದಾರಿಯಲ್ಲೇ ಹಿಡಿದುಹಾಕಿದ್ದರು. ಒಂದು ಸುದ್ದಿ ನಾಲ್ಕು ದಿನ ಮೊದಲು ಮುಟ್ಟಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು.

ಇದೇ ಹಿಮ್ಮೆಟ್ಟುವಿಕೆಯ ಸುದ್ದಿ ಹಡಗು ಹತ್ತಿ ಲಂಡನ್ನು ಮುಟ್ಟಲು ಸುಮಾರು ಅರ್ಧ ವರ್ಷ ಬೇಕಾಯಿತು. ಮುಟ್ಟಿದಾಗ ಅಲ್ಲಿ ಎದ್ದ ವಾದವೇ ಈ ಲೇಖನದ ವಿಷಯ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ನೆಲದ ಮೇಲೆ ನಡೆದ ಯುದ್ಧಗಳನ್ನು ಇಂಗ್ಲೆಂಡಿನಲ್ಲೇ ಬಲವಾಗಿ ವಿರೋಧಿಸಿದ ಜನ ಇದ್ದರು. ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಈ ಯುದ್ಧ ಅನ್ಯಾಯದ್ದು, ಕಾನೂನಿಗೆ ವಿರುದ್ಧವಾದದ್ದು ಎಂದು ಹೇಳಿದ್ದರು. ಹೇಳಿದ್ದರಲ್ಲಿ ಬಹುಪಾಲು ಸರಿಯಾಗಿಯೇ ಇತ್ತು. ಆದರೂ ಸೋತರು. ಅಧಿಕಾರ ಅವರ ಕೈಯಲ್ಲಿರಲಿಲ್ಲ ಎಂಬುದು ಸೋಲಿಗೆ ಒಂದು ಕಾರಣ. ಇನ್ನೊಂದು ಕಾರಣ ನನ್ನನ್ನು ಹೆಚ್ಚು ಕಾಡುತ್ತದೆ: ಕೈಯಲ್ಲಿ ಗಟ್ಟಿ ಸತ್ಯ ಇದ್ದಾಗಲೂ ಯುದ್ಧದ ಟೀಕಾಕಾರರು ಜೊತೆಗೆ ಪರೀಕ್ಷಿಸದ ಮಾತನ್ನೂ ಎತ್ತಿಕೊಂಡರು. ಎದುರಾಳಿ ಆ ಪೊಳ್ಳು ಮಾತನ್ನೇ ಹಿಡಿದ.

ಮೊದಲನೆಯ ಪ್ರಕರಣ ಮಲೆನಾಡಿನದು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಬೊಂಬಾಯಿಯ ಸೈನ್ಯದೊಂದಿಗೆ ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಹೈದರಾಲಿ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಫೆಬ್ರವರಿಯಲ್ಲಿ ಮ್ಯಾಥ್ಯೂಸನ ಪಡೆ ಈಗಿನ ಸಾಗರ ತಾಲ್ಲೂಕಿನ ಆನಂದಪುರದ ಕೋಟೆಯನ್ನು ಏರಿತು. ಒಳಗಿದ್ದ ಸೈನಿಕರನ್ನು ಕತ್ತಿಗೆ ಕೊಟ್ಟಿತು. ಏಪ್ರಿಲ್ ಮುಗಿಯುವಷ್ಟರಲ್ಲಿ ಟಿಪ್ಪು ಬಂದು ಬಿದನೂರನ್ನು ಮರಳಿ ಪಡೆದ. ಮ್ಯಾಥ್ಯೂಸ್ ಮತ್ತು ಅವನ ಅಧಿಕಾರಿಗಳು ಸೆರೆಯಾದರು. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ.

ಆ ಬಳಿಕ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ‘ಆ್ಯನ್ಯುಯಲ್ ರಿಜಿಸ್ಟರ್’ ಎಂಬ ವಾರ್ಷಿಕ ಗ್ರಂಥದ 1783ರ ಸಂಪುಟದಲ್ಲಿ ಆನಂದಪುರದ ವೃತ್ತಾಂತ ಬಂತು. ಅದಕ್ಕೆ ಆಧಾರ ಶೀನ್ ಎಂಬ ಕಿರಿಯ ಅಧಿಕಾರಿಯ ಪತ್ರ. ಕೋಟೆಯೊಳಗೆ 400ಕ್ಕೂ ಹೆಚ್ಚು ಸುಂದರಿಯರು ಬಯೋನೆಟ್ಟಿನ ಗಾಯಗಳಿಂದ ರಕ್ತ ಸುರಿಸುತ್ತ ಒಬ್ಬರನ್ನೊಬ್ಬರು ತಬ್ಬಿ ಪ್ರಾಣ ಬಿಟ್ಟರು, ಸಿಪಾಯಿಗಳು ಅವರ ಮೈಮೇಲಿನ ಒಡವೆ ಕಿತ್ತರು, ಉಳಿದವರು ಕೆರೆಗೆ ಹಾರಿದರು ಎಂದು ಆ ಪತ್ರ ಹೇಳುತ್ತಿತ್ತು. ಎಡ್ಮಂಡ್ ಬರ್ಕ್ ಕಟ್ಟಿ ಬೆಳೆಸಿದ ಗ್ರಂಥಮಾಲೆಯಲ್ಲಿ ಬಂದದ್ದು, ಹಾಗಾಗಿ ಮಾತಿಗೆ ತೂಕವಿತ್ತು. ಓದಿದವರ ಮನಸ್ಸು ಕಲಕಿತು. ಇಂಡಿಯಾದಲ್ಲಿ ನಮ್ಮವರು ಮಾಡುತ್ತಿರುವುದೇನು ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಬೊಂಬಾಯಿ ಸೈನ್ಯದ ಅಧಿಕಾರಿಗಳು ಸುಮ್ಮನಿರಲಿಲ್ಲ. ಸಹಿ ಹಾಕಿ, ಪ್ರತಿವಾದವನ್ನು ಅಚ್ಚು ಹಾಕಿಸಿದರು. ಕೋಟೆ ಏರಿದ್ದನ್ನು, ಒಳಗಿದ್ದ ಪಡೆಯನ್ನು ಕೊಂದದ್ದನ್ನು ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆದದ್ದು ಆ ನಾನೂರು ಹೆಂಗಸರನ್ನು. ಪತ್ರದ ಮಾತಿಗೆ ಬೇರೆ ಸಾಕ್ಷಿ ಸಿಗಲಿಲ್ಲ. ಕೊನೆಗೆ ‘ಆ್ಯನ್ಯುಯಲ್ ರಿಜಿಸ್ಟರ್’ ತನ್ನ ಮುಂದಿನ ಸಂಪುಟದಲ್ಲಿ ಆ ವೃತ್ತಾಂತವನ್ನು ಹಿಂತೆಗೆದುಕೊಂಡು ವಿಷಾದ ಹೇಳಬೇಕಾಯಿತು.

ಈ ಹಂತದಲ್ಲಿ ಏನಾಯಿತೆಂಬುದನ್ನು ಗಮನಿಸಿ. ಶರಣಾಗುವ ಅವಕಾಶವಿಲ್ಲದಂತೆ ಒಂದು ಕೋಟೆಯ ಪಡೆಯನ್ನೇ ಕಡಿದುಹಾಕಿದ್ದು ನಿಜ. ಅದಷ್ಟನ್ನೇ ಇಟ್ಟುಕೊಂಡು ಪ್ರಶ್ನೆ ಕೇಳಿದ್ದರೆ ಅಧಿಕಾರಿಗಳು ಉತ್ತರ ಹುಡುಕಬೇಕಾಗುತ್ತಿತ್ತು. ನಾನೂರು ಸುಂದರಿಯರು ಬಂದ ಮೇಲೆ ಅವರಿಗೆ ಉತ್ತರ ಸುಲಭವಾಯಿತು. ಕಥೆ ಸುಳ್ಳು ಎಂದರು. ಕಥೆಯೊಂದಿಗೆ ನಿಜವಾಗಿ ಸತ್ತವರೂ ಮರೆಯಾದರು. ಆನಂದಪುರದಲ್ಲಿ ಸತ್ತವರು ಎಷ್ಟು ಜನ, ಯಾವ ಊರಿನವರು ಎಂದು ಮತ್ತೆ ಯಾರೂ ವಿಚಾರಿಸಲಿಲ್ಲ. ಒಂದು ಉತ್ಪ್ರೇಕ್ಷೆಯಿಂದ ಆಗುವ ನಿಜವಾದ ನಷ್ಟ ಇದು, ನಷ್ಟ ಹೊರುವವರು ಸತ್ತವರು.

ಅದೇ ಹೊತ್ತಿಗೆ ಇನ್ನೊಂದು ಬಗೆಯ ಪುಸ್ತಕಗಳು ಹೊರಬರತೊಡಗಿದವು. 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾದ ಕೈದಿಗಳು ಶ್ರೀರಂಗಪಟ್ಟಣದ ಸೆರೆವಾಸದ ಕಥೆ ಬರೆದರು, ಬರೆಸಿದರು. ಬೇಡಿ, ಅರೆಹೊಟ್ಟೆ, ಬಲವಂತದ ಮತಾಂತರ, ಇವೆಲ್ಲ ಸುಳ್ಳಲ್ಲ. ಎಳೆಯ ಹುಡುಗರನ್ನು ಹಾಗೆ ಮತಾಂತರಿಸಿದ್ದಕ್ಕೆ ಆಧಾರಗಳಿವೆ. ಕೊಡಗಿನಲ್ಲಿ, ಮಲಬಾರಿನಲ್ಲಿ ಟಿಪ್ಪು ನಡೆಸಿದ ದಂಡಯಾತ್ರೆಗಳ ಕ್ರೌರ್ಯವೂ ಸುಳ್ಳಲ್ಲ. ಯುದ್ಧ ಬೇಡವೆನ್ನುವವನು ಇವನ್ನು ಮುಚ್ಚಿಡಬೇಕಾದ ಅಗತ್ಯವೇ ಇರಲಿಲ್ಲ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದು ಯುದ್ಧ ನ್ಯಾಯವೋ ಅನ್ಯಾಯವೋ ಎಂಬುದನ್ನು ತೀರ್ಮಾನಿಸುವುದಿಲ್ಲ. ಅವು ಎರಡು ಬೇರೆ ಬೇರೆ ಪ್ರಶ್ನೆಗಳು. ಲಂಡನ್ನಿನಲ್ಲಿ ಎರಡನ್ನೂ ಕಲಸಿದರು, ಇಂದಿಗೂ ಕಲಸುತ್ತಲೇ ಇದ್ದೇವೆ.

ಯುದ್ಧವನ್ನು ವಿರೋಧಿಸುವವರಿಗೆ ಆಗ ಅತ್ಯಂತ ಗಟ್ಟಿಯಾದ ಆಯುಧ ಒಂದಿತ್ತು, ಅದೂ ಸರ್ಕಾರವೇ ಕೊಟ್ಟದ್ದು. 1784ರ ಪಿಟ್‌ನ ಇಂಡಿಯಾ ಕಾಯ್ದೆಯಲ್ಲಿ, ಇಂಡಿಯಾದಲ್ಲಿ ರಾಜ್ಯ ಗೆಲ್ಲುವ, ಆಳ್ವಿಕೆ ವಿಸ್ತರಿಸುವ ಯೋಜನೆಗಳು ಬ್ರಿಟನ್ ದೇಶದ ಇಚ್ಛೆಗೆ, ಮಾನಕ್ಕೆ, ನೀತಿಗೆ ವಿರುದ್ಧ ಎಂಬರ್ಥದ ಒಂದು ಕಲಮು ಇತ್ತು. ಇಂಗ್ಲೆಂಡಿನಲ್ಲಿದ್ದ ಕಂಪನಿಯ ನಿರ್ದೇಶಕರ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯಾವ ರಾಜನ ಮೇಲೂ ಯುದ್ಧ ಸಾರುವಂತಿರಲಿಲ್ಲ, ಯಾರ ವಿರುದ್ಧವೂ ಹೊಸ ಕೂಟ ಕಟ್ಟುವಂತಿರಲಿಲ್ಲ. ಕಂಪನಿಯ ಮೇಲೆ ಅಥವಾ ಅದರ ರಕ್ಷಣೆಯಲ್ಲಿದ್ದವರ ಮೇಲೆ ಎದುರಾಳಿ ಮೊದಲು ಕೈ ಎತ್ತಿದ್ದರೆ, ಎತ್ತಲು ಸಿದ್ಧನಾಗಿದ್ದರೆ ಮಾತ್ರ ವಿನಾಯಿತಿ. ಹೀಗಾಗಿ ಪ್ರಶ್ನೆ ಒಂದೇ ಆಗಿ ಉಳಿಯಿತು: ಮೊದಲು ಕೈ ಎತ್ತಿದವರು ಯಾರು?

1789ರ ಡಿಸೆಂಬರ್ 29ರಂದು ಟಿಪ್ಪುವಿನ ಸೈನ್ಯ ತಿರುವಾಂಕೂರಿನ ಗಡಿಗೋಡೆಯ ಮೇಲೆ ಏರಿಹೋಯಿತು. ತಿರುವಾಂಕೂರಿನ ರಾಜ ಕಂಪನಿಯ ಮಿತ್ರ. ಮೇಲ್ನೋಟಕ್ಕೆ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಅದೇ ವರ್ಷದ ಜುಲೈ ತಿಂಗಳಿಗೆ ಹೋದರೆ ಎರಡು ಕಾಗದಗಳು ಸಿಗುತ್ತವೆ. ಒಂದು, ಜುಲೈ ಕೊನೆಯಲ್ಲಿ ಡಚ್ಚರು ಕೊಡುಂಗಲ್ಲೂರು ಮತ್ತು ಅದರ ಪಕ್ಕದ ಕೋಟೆಯನ್ನು ತಿರುವಾಂಕೂರಿಗೆ ಮಾರಿದ ಪತ್ರ. ಆ ನೆಲ ತನಗೆ ಕಪ್ಪ ಕೊಡುವ ಕೊಚ್ಚಿಯ ರಾಜನದು, ಮಾರುವ ಹಕ್ಕು ಡಚ್ಚರಿಗಿಲ್ಲ ಎಂಬುದು ಟಿಪ್ಪುವಿನ ವಾದ. ಈ ಖರೀದಿಗೆ ಕೈ ಹಾಕಬೇಡ ಎಂದು ಮದ್ರಾಸಿನ ಗವರ್ನರ್ ಹಾಲೆಂಡನೇ ರಾಜನಿಗೆ ಎಚ್ಚರಿಕೆ ಕೊಟ್ಟಿದ್ದ.

ಎರಡನೆಯದು ಇನ್ನೂ ಮುಖ್ಯ. ಜುಲೈ 7ರಂದು ಕಾರ್ನ್‌ವಾಲಿಸ್ ಹೈದರಾಬಾದಿನ ನಿಜಾಮನಿಗೆ ಬರೆದ ಪತ್ರ. ನಿಮಗೆ ಬೇಕಾದಾಗ ಕಂಪನಿಯ ಪಡೆ ಕಳಿಸುತ್ತೇವೆ, ಆದರೆ ಕಂಪನಿಯ ಮಿತ್ರರ ಮೇಲೆ ಅದನ್ನು ಬಳಸಬಾರದು ಎಂದು ಬರೆದು ಆ ಮಿತ್ರರ ಹೆಸರುಗಳನ್ನು ಪಟ್ಟಿ ಮಾಡಿದ. 1784ರ ಒಪ್ಪಂದದಿಂದ ಕಂಪನಿಯೊಂದಿಗೆ ಶಾಂತಿಯಲ್ಲಿದ್ದ ಟಿಪ್ಪುವಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ನಿಜಾಮನೊಂದಿಗೆ ಹೊಸ ಒಪ್ಪಂದ ಮಾಡಿಕೊಂಡರೆ ಕಾಯ್ದೆ ಮುರಿದಂತಾಗುತ್ತದೆ, ಅದಕ್ಕೇ ಪತ್ರ. ಆದರೆ ಈ ಪತ್ರ ಒಪ್ಪಂದದಷ್ಟೇ ಬದ್ಧ ಎಂದೂ ಅದರಲ್ಲೇ ಹೇಳಿದ. ಮುಂದೆ ಕಂಪನಿಯದೇ ಅಧಿಕಾರಿ, ಯುದ್ಧದ ವಿರೋಧಿಯೇನೂ ಅಲ್ಲದ ಜಾನ್ ಮಾಲ್ಕಮ್ ಈ ನಡೆಯನ್ನು ಕಟುವಾಗಿ ಟೀಕಿಸಿದ. ನನಗಂತೂ ಮೂರನೆಯ ಮೈಸೂರು ಯುದ್ಧದ ಅತ್ಯಂತ ದೊಡ್ಡ ದಾಖಲೆ ಇದೇ ಪತ್ರ ಎನಿಸುತ್ತದೆ. ತಿರುವಾಂಕೂರಿನ ಗೋಡೆಯ ಬಳಿ ಒಂದು ಗುಂಡೂ ಹಾರುವ ಐದು ತಿಂಗಳ ಮೊದಲೇ ಬರೆದದ್ದು ಇದು.

1791ರ ಫೆಬ್ರವರಿ 28ರಂದು ಕಾಮನ್ಸ್ ಸಭೆಯಲ್ಲಿ ಹಿಪ್ಪಿಸ್ಲಿ ಎಂಬ ಸದಸ್ಯ ಈ ಯುದ್ಧದ ಪ್ರಶ್ನೆ ಎತ್ತಿದ. ತಂಜಾವೂರಿನ ಕಡೆ ಕಂಪನಿಯ ಕೆಲಸ ಮಾಡಿ ಬಂದವನಾದ್ದರಿಂದ ದಕ್ಷಿಣದ ವಿಷಯ ಬಲ್ಲವನು. ತಿರುವಾಂಕೂರಿನ ಖರೀದಿಯ ಕಾಗದಗಳನ್ನು ಇಟ್ಟುಕೊಂಡು ಮಾತನಾಡಿದ. ಫಿಲಿಪ್ ಫ್ರಾನ್ಸಿಸ್ ಮತ್ತು ಚಾರ್ಲ್ಸ್ ಜೇಮ್ಸ್ ಫಾಕ್ಸ್ ಅವನ ಬೆಂಬಲಕ್ಕೆ ಬಂದರು. ಮೇಲ್ಮನೆಯಲ್ಲಿ ಲಾರ್ಡ್ ಪೋರ್ಚೆಸ್ಟರ್ ಮಾತೆತ್ತಿದ. ಸರ್ಕಾರದ ಪರವಾಗಿ ಡಂಡಾಸ್ ಮಾರ್ಚ್ 22ರಂದು ನಿರ್ಣಯ ಮಂಡಿಸಿದ: ಒಪ್ಪಂದ ಮುರಿದವನು ಟಿಪ್ಪು, ಕಾರ್ನ್‌ವಾಲಿಸ್‌ನ ನಡೆ ಶ್ಲಾಘ್ಯ. ಸಭೆ ಒಪ್ಪಿತು.

ಒಪ್ಪಲು ಕಾರಣಗಳು ಹಲವು. ಒಂದನ್ನು ಹೇಳಲೇಬೇಕು. ಫಾಕ್ಸ್ ಮತ್ತು ಅವನ ಗೆಳೆಯರು ಇಂಡಿಯಾದ ವಿಷಯ ಎತ್ತಿದರೆ ಅರ್ಧ ಸಭೆ ಮೊದಲೇ ಅನುಮಾನದಿಂದ ಕೇಳುತ್ತಿತ್ತು. ಹಿಂದಿನ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ವಿಚಾರಣೆ ಆಗ ನಡೆಯುತ್ತಿತ್ತು. 1788ರ ಫೆಬ್ರವರಿಯಲ್ಲಿ ಬರ್ಕ್ ಅದನ್ನು ಆರಂಭಿಸಿದಾಗ ರಂಗಪುರದ ರೈತ ಹೆಂಗಸರ ಮೇಲೆ ನಡೆದ ಹಿಂಸೆಯನ್ನು ಬಣ್ಣಿಸಿದ ರೀತಿಗೆ ಗ್ಯಾಲರಿಯಲ್ಲಿದ್ದ ಸ್ತ್ರೀಯರು ಮೂರ್ಛೆ ಹೋದರು. ಆದರೆ ರಂಗಪುರದ ಆರೋಪ ದೋಷಾರೋಪ ಪಟ್ಟಿಯಲ್ಲೇ ಇರಲಿಲ್ಲ, ಅದಕ್ಕೆ ಆಧಾರವಾದ ವರದಿಯೂ ವಿವಾದಕ್ಕೆ ಒಳಗಾಗಿತ್ತು. ಮರುವರ್ಷ ಬರ್ಕ್, ಮುಖ್ಯ ನ್ಯಾಯಾಧೀಶ ಇಂಪಿಯ ಕೈಯಿಂದ ಹೇಸ್ಟಿಂಗ್ಸ್ ತನ್ನ ಮೇಲೆ ಆರೋಪ ಹೊರಿಸಿದ್ದ ನಂದಕುಮಾರನನ್ನು ಕೊಲೆ ಮಾಡಿಸಿದ ಎಂದುಬಿಟ್ಟ. 1789ರ ಮೇ 4ರಂದು ಕಾಮನ್ಸ್ ಸಭೆ ಆ ಮಾತು ಆಡಬಾರದಿತ್ತು ಎಂದು ನಿರ್ಣಯ ಮಾಡಿತು. ತನ್ನದೇ ಪರವಾಗಿ ವಾದಿಸುತ್ತಿದ್ದವನನ್ನು ಸಭೆಯೇ ತಿದ್ದಿತು. ಫ್ರಾನ್ಸಿಸ್‌ನ ವಿಷಯ ಇನ್ನೂ ಕಷ್ಟ: ಕಲ್ಕತ್ತೆಯಲ್ಲಿ ಹೇಸ್ಟಿಂಗ್ಸ್‌ನೊಂದಿಗೆ ಪಿಸ್ತೂಲು ಹಿಡಿದು ದ್ವಂದ್ವ ಯುದ್ಧ ಮಾಡಿ ಗಾಯಗೊಂಡು ಬಂದವನು. ಅವನು ಏನು ಹೇಳಿದರೂ ಅದು ಹಳೆಯ ಹಗೆ ಎನ್ನುತ್ತಿದ್ದರು. ಅವನ ಮಾತು ಸರಿಯಿದ್ದ ದಿನವೂ ಹಾಗೇ ಅಂದರು.

ಇಷ್ಟಾದರೂ ವಾದ ಇನ್ನೂ ಜೀವಂತವಾಗಿತ್ತು. ಯುದ್ಧಕ್ಕೆ ಖರ್ಚು ಏರುತ್ತಿತ್ತು, ಗೆಲುವು ಕಾಣುತ್ತಿರಲಿಲ್ಲ. ಆಗ ಕನ್ನಂಬಾಡಿಯ ಸುದ್ದಿ ಬಂತು.

ಡಿಸೆಂಬರ್ 6ರ ದಿನಾಂಕ ಹೊತ್ತ, ಜೇಮ್ಸ್ ಗಿಲ್ರೇ ಬರೆದ ವ್ಯಂಗ್ಯಚಿತ್ರ ಅಂಗಡಿಗಳ ಕಿಟಕಿಯಲ್ಲಿ ಕಾಣಿಸಿತು. ಮುಂಗಾರು ಬಂದದ್ದು ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು ಎಂಬ ಅರ್ಥದ ತಲೆಬರಹ. ಅದರಲ್ಲಿ ಟಿಪ್ಪು ಮೇಲುಗೈ, ಕಾರ್ನ್‌ವಾಲಿಸ್ ಓಟ. ಪ್ರತಿಪಕ್ಷದ ಪತ್ರಿಕೆಗಳು ಇದನ್ನು ಸೋಲು ಎಂದವು. ಸರ್ಕಾರದ ಪತ್ರಿಕೆಗಳು ಮಳೆಗಾಲದ ವಿಶ್ರಾಂತಿ ಎಂದವು. ಎರಡೂ ಪೂರ್ತಿ ನಿಜವಲ್ಲ. ಹಸಿವಿನಿಂದ ಹಿಮ್ಮೆಟ್ಟಿದ ಸೈನ್ಯ ಅದು, ಮುರಿದ ಸೈನ್ಯವಲ್ಲ. ಫಿರಂಗಿಗಳು ಹೋಗಿದ್ದವು, ಬೆಂಗಳೂರು ಅವರ ಕೈಯಲ್ಲೇ ಇತ್ತು. ಯುದ್ಧ ಬೇಡವೆನ್ನುವವರು ಇಲ್ಲಿ ತಮ್ಮ ವಾದದ ನೆಲೆಯನ್ನೇ ಬದಲಿಸಿಬಿಟ್ಟರು. ಈ ಯುದ್ಧ ತಪ್ಪು ಎನ್ನುತ್ತಿದ್ದವರು ಈ ಯುದ್ಧ ಗೆಲ್ಲಲಾಗದು ಎನ್ನತೊಡಗಿದರು. ಮೊದಲನೆಯ ಮಾತಿಗೆ ಜುಲೈ 7ರ ಪತ್ರದ ಆಧಾರವಿತ್ತು. ಎರಡನೆಯದು ಬರೀ ಊಹೆ, ಅರ್ಧ ವರ್ಷ ಹಳೆಯ ಸುದ್ದಿಯ ಮೇಲೆ ನಿಂತ ಊಹೆ.

ಇತ್ತ ನಮ್ಮ ಸೀಮೆಯಲ್ಲಿ ಕಾರ್ನ್‌ವಾಲಿಸ್ ಪಾಠ ಕಲಿತಿದ್ದ. ದವಸದ ಜವಾಬ್ದಾರಿಯನ್ನು ಲಂಬಾಣಿಗಳಿಗೆ ಒಪ್ಪಿಸಿದ. ಅವರ ಸಾವಿರಾರು ಹೇರೆತ್ತುಗಳು ದಂಡಿಗೆ ಅಕ್ಕಿ ಜೋಳ ಮುಟ್ಟಿಸಿದವು. ದಾರಿಯ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದ. ಮದ್ದೂರಿನ ಕೋಟೆಯನ್ನು ಅವನು ಕೆಡವಿಸಿದ್ದು ಈ ಯುದ್ಧದಲ್ಲೇ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರ ಸಾಲಿನ ಮೇಲೆ ದಾಳಿ ಮಾಡಿ ದ್ವೀಪದೊಳಗೆ ನುಗ್ಗಿದ. ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಅದು ತೀರುವವರೆಗೆ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಎಳೆಯ ಮಕ್ಕಳಿಬ್ಬರನ್ನು ಒತ್ತೆಯಿಟ್ಟ.

ಜುಲೈನಲ್ಲಿ ಈ ಸುದ್ದಿ ಲಂಡನ್ನು ಮುಟ್ಟಿತು. ಗೆಲ್ಲಲಾಗದು ಎಂದವರು ಹೇಳಲು ಮಾತೇ ಉಳಿಯಲಿಲ್ಲ. ಕಾರ್ನ್‌ವಾಲಿಸ್ ಮಾರ್ಕ್ವಿಸ್ ಆದ. ಒತ್ತೆಯ ಮಕ್ಕಳನ್ನು ಅವನು ಕೈಹಿಡಿದು ಬರಮಾಡಿಕೊಳ್ಳುವ ದೃಶ್ಯವನ್ನು ರಾಬರ್ಟ್ ಹೋಮ್, ಮ್ಯಾದರ್ ಬ್ರೌನ್, ಹೆನ್ರಿ ಸಿಂಗಲ್‌ಟನ್ ಎಲ್ಲರೂ ಬರೆದರು. ಅಚ್ಚಿನ ಪ್ರತಿಗಳು ಮನೆಮನೆಗೆ ಹೋದವು. ಲಂಡನ್ನಿನ ಆಸ್ಟ್ಲಿಯ ರಂಗದಲ್ಲಿ ಮೈಸೂರು ಯುದ್ಧದ ಆಟ ಕಟ್ಟಿದರು. ಅರ್ಧ ರಾಜ್ಯ ಕಿತ್ತುಕೊಂಡ ಯುದ್ಧ ಒತ್ತೆಯ ಮಕ್ಕಳಿಗೆ ತಂದೆಯಾದ ಕಥೆಯಾಗಿ ಬದಲಾಯಿತು. ರಾಜ್ಯ ಗೆಲ್ಲುವುದು ದೇಶದ ಮಾನಕ್ಕೆ ವಿರುದ್ಧ ಎಂದ 1784ರ ಆ ಕಲಮನ್ನು 1793ರ ಹೊಸ ಸನದಿನಲ್ಲಿ ಮತ್ತೆ ಬರೆದರು. ಅದನ್ನು ಹಿಡಿದು ಕೇಳುವ ಗಂಟಲು ಮಾತ್ರ ಬತ್ತಿಹೋಗಿತ್ತು.

ಇದು ಆ ಶತಮಾನದ ಜನರ ದೌರ್ಬಲ್ಯ ಮಾತ್ರ ಎಂದುಕೊಳ್ಳಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಸರ್ಕಾರಗಳು ಹರಡಿದ ಸುಳ್ಳುಗಳನ್ನು ಬಯಲಿಗೆಳೆಯಲು ಬ್ರಿಟನ್ನಿನ ಶಾಂತಿವಾದಿ ಆರ್ಥರ್ ಪಾನ್ಸನ್‌ಬಿ 1928ರಲ್ಲಿ ಒಂದು ಪುಸ್ತಕ ಬರೆದ. ಲಕ್ಷಾಂತರ ಜನ ನಂಬಿದ ಕಟ್ಟುಕಥೆಗಳನ್ನು ಒಂದೊಂದಾಗಿ ಬಿಚ್ಚಿದ ದೊಡ್ಡ ಕೆಲಸ ಅದು. ಆ್ಯಂಟ್‌ವರ್ಪ್ ಬಿದ್ದಾಗ ಚರ್ಚಿನ ಗಂಟೆ ಬಾರಿಸಿದ ಒಂದು ಸಣ್ಣ ಸುದ್ದಿ ಪತ್ರಿಕೆಯಿಂದ ಪತ್ರಿಕೆಗೆ ದಾಟುತ್ತ, ಪಾದ್ರಿಗಳನ್ನೇ ಗಂಟೆಯ ನಾಲಗೆಯಾಗಿ ನೇತುಹಾಕಿದರು ಎಂಬಲ್ಲಿಗೆ ಬೆಳೆಯಿತೆಂದು ಅವನು ಸಾಲಾಗಿ ತೋರಿಸಿದ. ಆದರೆ ಆ ಸಾಲೇ ಒಂದು ಜರ್ಮನ್ ಪತ್ರಿಕೆ ಎದುರಾಳಿಗಳನ್ನು ಅಣಕಿಸಲು ಕಟ್ಟಿದ್ದು. ಸುಳ್ಳನ್ನು ಬಯಲು ಮಾಡುವ ಪುಸ್ತಕದೊಳಗೆ ಒಂದು ಸುಳ್ಳು ಸೇರಿಕೊಂಡಿತು, ಮುಂದೆ ಆ ಪುಸ್ತಕವನ್ನು ತಳ್ಳಿಹಾಕುವವರಿಗೆ ಅದೇ ಸಾಕಾಯಿತು.

ಮಂಡ್ಯದವರಿಗೆ ತೀರ ಹತ್ತಿರದ ನೆನಪೂ ಒಂದಿದೆ. 2023ರ ಮಾರ್ಚಿನಲ್ಲಿ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಮಾತು ಚುನಾವಣೆಯ ಮುಂದೆ ಜೋರಾಗಿ ಎದ್ದಿತ್ತು. ಸಿನಿಮಾ ಮಾಡುವವರೆಗೂ ಹೋಯಿತು. ಆಗ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಶಾಸನ, ದಾಖಲೆಗಳ ಆಧಾರ ಬೇಕು, ಊಹೆಯ ಮೇಲೆ ಇತಿಹಾಸ ಕಟ್ಟಬಾರದು ಎಂಬರ್ಥದ ಮಾತು ಹೇಳಿದರು. ಸಿನಿಮಾ ಅಲ್ಲಿಗೆ ನಿಂತಿತು. ಯಾವ ಪಕ್ಷದವರಿಗೆ ಲಾಭ, ಯಾರಿಗೆ ನಷ್ಟ ಎಂದು ನೋಡದೆ ಕೇಳಿದ ಪ್ರಶ್ನೆ ಅದು. ಅಂದು ಆನಂದಪುರದ ಪತ್ರವನ್ನು ಅಚ್ಚಿಗೆ ಕಳಿಸುವ ಮೊದಲು ಒಬ್ಬರಾದರೂ ಅದನ್ನು ಕೇಳಬೇಕಿತ್ತು.

ಇನ್ನು ಮಳವಳ್ಳಿಯ ಕಥೆ. ಹೈದರಾಲಿ ಮಳವಳ್ಳಿಯನ್ನು ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದ. ಅಲ್ಲಿಯ ಕೆರೆಯ ಬಳಿ ಟಿಪ್ಪು ಹಣ್ಣಿನ ತೋಟ ಹಾಕಿಸಿದ್ದ. ಅದೇ ಊರ ಹೊರಗೆ ಅವನು ಬಯಲಿನ ಕೊನೆಯ ದೊಡ್ಡ ಕಾಳಗ ಆಡಿದ.

ನಾಲ್ಕನೆಯ ಯುದ್ಧಕ್ಕೆ ಕೊಟ್ಟ ಕಾರಣ ಫ್ರೆಂಚರು. ಅದಕ್ಕೆ ಬೀಜ ಬಿತ್ತಿದವನು ರಿಪೋ ಎಂಬ ಹಡಗುಗಳ್ಳ. 1797ರಲ್ಲಿ ಮಂಗಳೂರಿಗೆ ಬಂದಿಳಿದ ಈತ ತಾನು ಫ್ರಾನ್ಸಿನ ಪ್ರತಿನಿಧಿ, ಮಾರಿಷಸ್ಸಿನಲ್ಲಿ ದೊಡ್ಡ ಸೈನ್ಯ ನಿಮಗಾಗಿ ಕಾದಿದೆ ಎಂದ. ಟಿಪ್ಪುವಿನ ಮಂತ್ರಿಗಳಲ್ಲಿ ಹಲವರು ಇವನನ್ನು ನಂಬಬೇಡಿ ಎಂದರೂ ಟಿಪ್ಪು ನಂಬಿದ. ರಾಯಭಾರಿಗಳನ್ನು ಕಳಿಸಿದ. ಅಲ್ಲಿ ಸೈನ್ಯ ಇರಲಿಲ್ಲ. ಮಾರಿಷಸ್ಸಿನ ಗವರ್ನರ್ ಮಲಾರ್ಟಿಕ್ 1798ರ ಜನವರಿ 30ರಂದು, ಟಿಪ್ಪು ಇಂಗ್ಲಿಷರ ವಿರುದ್ಧ ನಮ್ಮ ಸಹಾಯ ಕೇಳುತ್ತಿದ್ದಾನೆ, ಬರುವವರು ಬನ್ನಿ ಎಂದು ಬಹಿರಂಗ ಪ್ರಕಟಣೆ ಅಂಟಿಸಿದ. ಗುಟ್ಟಿನ ಮಾತು ಊರಿಗೆಲ್ಲ ತಿಳಿಯಿತು. ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಇಳಿದವರು ನೂರು ಜನವೂ ಅಲ್ಲ. ಆ ಪ್ರಕಟಣೆಯ ಪ್ರತಿ ಜೂನಿನಲ್ಲಿ ಕಲ್ಕತ್ತೆಯ ಪತ್ರಿಕೆಯಲ್ಲಿ ಬಂದಾಗ, ಅಧಿಕಾರ ವಹಿಸಿಕೊಂಡು ತಿಂಗಳಷ್ಟೇ ಆಗಿದ್ದ ಹೊಸ ಗವರ್ನರ್ ಜನರಲ್, ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು, ಯುದ್ಧ ಎಂದು ತೀರ್ಮಾನಿಸಿದ.

ಮದ್ದೂರು ಹೊಳೆಯ ದಡದಲ್ಲಿ ಕಾದಿದ್ದ ಟಿಪ್ಪು ಅಲ್ಲಿಂದ ಮಳವಳ್ಳಿಗೆ ಸರಿದ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯ ಎದುರಾಯಿತು. ಹೈದರಾಬಾದಿನ ದಂಡಿನೊಂದಿಗೆ ಆರ್ಥರ್ ವೆಲ್ಲೆಸ್ಲಿ, ಕುದುರೆ ಪಡೆಯೊಂದಿಗೆ ಫ್ಲಾಯ್ಡ್. ಕಾಳಗ ಹೆಚ್ಚು ಹೊತ್ತು ನಡೆಯಲಿಲ್ಲ. ಟಿಪ್ಪು ಹಿಂದೆಗೆದ. ಇಂಗ್ಲಿಷ್ ವರದಿಗಳಲ್ಲಿ ತಮ್ಮ ಕಡೆ ಸತ್ತವರ, ಗಾಯಗೊಂಡವರ ಲೆಕ್ಕ ಪಲ್ಟಣು ಪಲ್ಟಣಿಗೆ ಒಬ್ಬೊಬ್ಬರಂತೆ ಇದೆ. ಮೈಸೂರಿನ ಕಡೆ ಸತ್ತವರದು ದುಂಡು ಸಂಖ್ಯೆ, ನೋಡಿದವರು ಅಂದಾಜಿನಲ್ಲಿ ಹೇಳಿದ್ದು. ಆ ಸತ್ತವರಲ್ಲಿ ಈ ಸೀಮೆಯ ಒಕ್ಕಲ ಮಕ್ಕಳು ಎಷ್ಟಿದ್ದರೋ, ಹೆಸರು ಹಿಡಿದು ಎಣಿಸಿದವರಿಲ್ಲ. ಹ್ಯಾರಿಸ್ ಟಿಪ್ಪು ಕಾದಿದ್ದ ದಾರಿ ಬಿಟ್ಟು ಮಾರ್ಚ್ 30ರಂದು ಸೋಸಲೆಯ ಬಳಿ ಕಾವೇರಿ ದಾಟಿದ. ಅಲ್ಲಿ ಸುಡದೆ ಉಳಿದಿದ್ದ ಮೇವು ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಯಲ್ಲಿ ಸತ್ತವರು 6,000 ಎನ್ನುವವರೂ ಉಂಟು, 10,000 ಎನ್ನುವವರೂ ಉಂಟು.

ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದ್ದೆಂದು ಕಾಗದಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ಶ್ರೀರಂಗಪಟ್ಟಣದ ಜಾಕೋಬಿನ್ ಕ್ಲಬ್ಬಿನ ನಡವಳಿಯೂ ಇತ್ತು: ರಿಪೋನ ಮುಂದಾಳ್ತನದಲ್ಲಿ ಸ್ವಾತಂತ್ರ್ಯವೃಕ್ಷ ನೆಟ್ಟದ್ದು, ರಾಜರಿಗೆಲ್ಲ ಧಿಕ್ಕಾರ ಹೇಳಿ ಟಿಪ್ಪುವನ್ನು ಮಾತ್ರ ನಾಗರಿಕನೆಂದು ಕೊಂಡಾಡಿದ್ದು. ಫ್ರಾನ್ಸಿನ ಕ್ರಾಂತಿಗೆ ನಡುಗುತ್ತಿದ್ದ ಇಂಗ್ಲೆಂಡಿಗೆ ಇದಕ್ಕಿಂತ ಚೆನ್ನಾದ ಸಾಕ್ಷಿ ಎಲ್ಲಿ ಸಿಕ್ಕೀತು? ಈ ದಾಖಲೆ ಎಷ್ಟರಮಟ್ಟಿಗೆ ಅಸಲಿ ಎಂದು ನಮ್ಮ ಕಾಲದ ಇತಿಹಾಸಕಾರರು ಗಂಭೀರವಾದ ಅನುಮಾನ ಎತ್ತಿದ್ದಾರೆ. ಆಗ ಅನುಮಾನ ಪಡುವವರು ಬೇಕಿತ್ತು. ಆನಂದಪುರದ ಪತ್ರವನ್ನು ಅಕ್ಷರ ಅಕ್ಷರ ಕೆದಕಿದ ಕಂಪನಿಯ ಅಧಿಕಾರಿಗಳಂತೆ ಈ ಕಾಗದಗಳನ್ನು ಕೆದಕುವವರು ಎದುರು ಬೆಂಚಿನಲ್ಲಿ ಕೂತಿರಬೇಕಿತ್ತು. ಆದರೆ ಫಾಕ್ಸ್ ಮತ್ತು ಅವನ ಗುಂಪು 1797ರಿಂದ ಪಾರ್ಲಿಮೆಂಟಿಗೆ ಬರುವುದನ್ನೇ ಹೆಚ್ಚುಕಡಮೆ ನಿಲ್ಲಿಸಿತ್ತು. ಬಂದಿದ್ದರೂ 1792ರ ಪೆಟ್ಟು ತಿಂದವರು ಮತ್ತೆ ಟಿಪ್ಪುವಿನ ಹೆಸರೆತ್ತಲು ಹಿಂಜರಿಯುತ್ತಿದ್ದರೆಂದೇ ನನಗೆ ತೋರುತ್ತದೆ. ವಂದನಾ ನಿರ್ಣಯಗಳು ಸರಾಗವಾಗಿ ಮುಗಿದವು.

ಮರುವರ್ಷ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮಂಡ್ಯ, ಮದ್ದೂರು, ಮಳವಳ್ಳಿಯನ್ನೆಲ್ಲ ನೋಡುತ್ತ ಹೋದ. ಕೆರೆ, ಗದ್ದೆ, ಬಿತ್ತನೆ, ಕುಲ, ಕಸುಬು ಎಲ್ಲವನ್ನೂ ಊರಿನವರನ್ನು ಕೂರಿಸಿಕೊಂಡು ಕೇಳಿ ಬರೆದ. ಹೊಗಳುವುದಕ್ಕೂ ತೆಗಳುವುದಕ್ಕೂ ಹೋಗದೆ ಬರೆದ ಭಾಗಗಳೇ ಆ ದಿನಚರಿಯಲ್ಲಿ ಹೆಚ್ಚು ಬೆಲೆಯುಳ್ಳವು. ಯುದ್ಧದಲ್ಲಿ ಊರು ಬಿಟ್ಟವರು, ಹಾಳು ಬಿದ್ದ ಹೊಲಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಅದು ಮೂರು ಸಂಪುಟಗಳಾಗಿ ಅಚ್ಚಾದದ್ದು 1807ರಲ್ಲಿ.

ನಾಲ್ಕನೆಯ ಮೈಸೂರು ಯುದ್ಧದ ಕಾರಣವನ್ನು ಸರ್ಕಾರದ ಕಾಗದಗಳನ್ನೇ ಮುಂದಿಟ್ಟುಕೊಂಡು ಪೂರ್ತಿಯಾಗಿ ತೂಗಿದವನು ಜೇಮ್ಸ್ ಮಿಲ್. ಇಂಡಿಯಾಕ್ಕೆ ಒಮ್ಮೆಯೂ ಕಾಲಿಡದವನು, ಇಲ್ಲಿಯ ಜನರ ಬಗ್ಗೆ ಅವನು ಬರೆದ ಎಷ್ಟೋ ಮಾತು ಒಪ್ಪಲಾಗದ್ದು. ಆದರೆ ಈ ಒಂದು ವಿಷಯದಲ್ಲಿ ಅವನು ವದಂತಿಯನ್ನು ಮುಟ್ಟಲಿಲ್ಲ. ಮಲಾರ್ಟಿಕ್‌ನ ಪ್ರಕಟಣೆ ನಿಜವೆಂದೇ ಒಪ್ಪಿಕೊಂಡ. ಬಂದಿಳಿದವರ ಸಂಖ್ಯೆ ತೆಗೆದುಕೊಂಡ. ಅರ್ಧ ರಾಜ್ಯ ಕಳೆದುಕೊಂಡಿದ್ದ ಟಿಪ್ಪುವಿನ ಬಲ ಈ ನೂರರೊಳಗಿನ ಮಂದಿಯಿಂದ ಎಷ್ಟು ಹೆಚ್ಚಿತು ಎಂದು ವೆಲ್ಲೆಸ್ಲಿಯ ಪತ್ರಗಳಿಂದಲೇ ಲೆಕ್ಕ ಹಾಕಿ, ಯುದ್ಧಕ್ಕೆ ಇಳಿಯುವಷ್ಟು ಅಪಾಯ ಇರಲಿಲ್ಲ ಎಂದ. ಆ ವಾದವನ್ನು ಕಂಪನಿಗೆ ತಳ್ಳಿಹಾಕಲು ಆಗಲಿಲ್ಲ. ಕಂಪನಿಯ ಹುದ್ದೆಗೆ ಬರುವ ಹುಡುಗರು ಹೇಲಿಬರಿ ಕಾಲೇಜಿನಲ್ಲಿ ಓದುವ ಪುಸ್ತಕವಾಯಿತು ಅದು. ಮಿಲ್‌ನ ಗ್ರಂಥ ಹೊರಬಂದದ್ದು 1817ರಲ್ಲಿ, ಮಳವಳ್ಳಿಯ ಕಾಳಗ ಮುಗಿದು 18 ವರ್ಷಗಳಾದ ಮೇಲೆ.